ಪಾತ್ರಕ್ಕೆ ಕೊಟ್ಟ ಕೆಮ್ಮು

ನಮ್ಮದು ನಲವತ್ತು ಕುರ್ಚಿಗಳ ಪುಟ್ಟ ರಂಗಮಂದಿರ. ನಟರು ತಮ್ಮ ಮನೆಯವರೊಬ್ಬರ ಅಭ್ಯಾಸವನ್ನು ಪಾತ್ರಕ್ಕೆ ತರಬೇಕೆಂಬುದು ನಿರ್ದೇಶಕರ ಪದ್ಧತಿ. ಶಾಲೆ ಅರ್ಧಕ್ಕೇ ಬಿಟ್ಟ ನನಗೆ ನೋಡಿ ಕಲಿಯುವುದೊಂದೇ ಗೊತ್ತು. ಹೋದ ವರ್ಷ ತೀರಿಕೊಂಡ ಅಮ್ಮನ ಕೆಮ್ಮನ್ನು ನನ್ನ ಮುದುಕಿಯ ಪಾತ್ರಕ್ಕೆ ಕೊಟ್ಟೆ. ಎರಡು ಸಣ್ಣದು, ಆಮೇಲೆ ಉಸಿರು ಕಟ್ಟುವಂಥ ಉದ್ದನೆಯದೊಂದು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ಹಿಗ್ಗಿದೆ. ಅದನ್ನು ಹೇಳಿಕೊಳ್ಳಲು ಈಗ ತಲೆ ತಗ್ಗುತ್ತದೆ.

ನಾಲ್ಕನೆಯ ಪ್ರದರ್ಶನದಲ್ಲಿ ನಾನು ಬಾಯಿ ತೆರೆಯುವ ಮೊದಲೇ ಆ ಕೆಮ್ಮು ನನ್ನ ಬೆನ್ನ ಹಿಂದೆ ಕೇಳಿಸಿತು. ಕತ್ತಿಗೆ ಬಿಸಿಯುಸಿರು ತಗುಲಿತು. ಹಿಂದಿದ್ದದ್ದು ಬರೀ ಗೋಡೆ.

"ಏನೇ, ಇವತ್ತು ಕೆಮ್ಮು ಬೇಗ ಬಂತಲ್ಲ?" ಎಂದಳು ಜೊತೆಯ ನಟಿ, ಆಟ ಮುಗಿದ ಮೇಲೆ.

"ನಾನಲ್ಲಕ್ಕ."

"ಮತ್ತಿನ್ಯಾರು, ಗೋಡೆಗೆ ನೆಗಡಿಯಾ?"

ಮರುದಿನ ಮಧ್ಯಾಹ್ನದ ಆಟಕ್ಕೆ ಮುಂಚೆ ನಿರ್ದೇಶಕರಿಗೆ ಹೇಳಿದೆ. "ಸಾರ್, ನಾನಿನ್ನು ಕೆಮ್ಮಲ್ಲ. ಪಾತ್ರ ಬೇರೆಯವರಿಗೆ ಕೊಟ್ರೂ ಸರಿ."

"ಕೆಮ್ಮದಿದ್ರೆ ಜನ ನಗಲ್ಲಮ್ಮ, ನೀನೇ ನೋಡು" ಎಂದರು.

ಆಟದಲ್ಲಿ ಕೆಮ್ಮುವ ಜಾಗ ಬಂದಾಗ ತುಟಿ ಬಿಗಿಹಿಡಿದು, ಮನಸ್ಸಿನಲ್ಲೇ ಅಮ್ಮನ ಕ್ಷಮೆ ಕೇಳುತ್ತಾ ಸುಮ್ಮನೆ ನಿಂತೆ. ನನಗೆ ಏನೂ ಕೇಳಿಸಲಿಲ್ಲ. ಉದ್ದನೆಯ ಕೆಮ್ಮು ಮುಗಿಯಬೇಕಾದ ಹೊತ್ತಿಗೆ ಸರಿಯಾಗಿ ಜನರೆಲ್ಲ ಒಟ್ಟಿಗೇ ನಕ್ಕರು.