ಕಾರ್ಮಿಂಚಿನ ಮುಖ

ಕೊನೆಯ ಪುಟ ಇರಲಿಲ್ಲ.

ಅಂಕಣಗಾರ್ತಿ ಇನ್ನೊಂದು ಪ್ರತಿ ತೆಗೆದಳು. ಅದರಲ್ಲೂ ಇಲ್ಲ. ಕಟ್ಟಿನಲ್ಲಿದ್ದ ಅಷ್ಟೂ ಪುಸ್ತಕಗಳ ಕೊನೆಯ ಹಾಳೆಯನ್ನು ಯಾರೋ ಬ್ಲೇಡಿನಿಂದ ಕತ್ತರಿಸಿದ್ದರು.

ಹೊಸ ಸೂಪರ್‌ಹೀರೋ ಕಾಮಿಕ್ಸ್ ಬಂದಾಗಲೆಲ್ಲ ಅವಳು ಈ ಪುಸ್ತಕದಂಗಡಿ ತೆರೆಯುವ ಮೊದಲೇ ಹಿಂಬಾಗಿಲಿನಿಂದ ಬರುತ್ತಿದ್ದಳು. ಕೂತು ಓದಿ, ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಪತ್ರಿಕೆಗೆ ಬರೆಯುವುದು ಅವಳ ಕೆಲಸ. ಈ ಸಲದ ಆಯ್ಕೆಗೆ ತಲೆ ಕೆಡಿಸಿಕೊಳ್ಳಬೇಕಾಗಿಯೇ ಇರಲಿಲ್ಲ. ಇದೇ ಊರಿನ ಚಿತ್ರಕಾರನ 'ಕಾರ್ಮಿಂಚು' ಸರಣಿ ಈ ಸಂಚಿಕೆಗೆ ಮುಗಿಯುತ್ತಿತ್ತು. ಮುಖವಾಡದ ಹಿಂದಿನ ಹೆಂಗಸು ಯಾರೆಂದು ಕೊನೆಯ ಪುಟದಲ್ಲಿ ಗೊತ್ತಾಗಬೇಕಿತ್ತು.

"ಎದುರು ಅಂಗಡಿಯವನದೇ ಕೆಲಸ," ಎಂದರು ಯಜಮಾನರು. ಎಲ್ಲರಿಗೂ ಅವರು ದೊಡ್ಡಪ್ಪ. "ಬೇರೆ ಊರಿಗೆ ಹೋಗಬೇಕಾದ ಪ್ರತಿಗಳೂ ಇದರಲ್ಲೇ ಇದ್ದವು. ಎಲ್ಲಾ ಹಾಳು."

"ಬೀಗ ಒಡೆದಿದೆಯಾ, ದೊಡ್ಡಪ್ಪ?"

"ಇಲ್ಲ."

"ಕೀಲಿ ಯಾರ ಹತ್ತಿರ ಇದೆ?"

"ನನ್ನ ಹತ್ತಿರ, ಗಲ್ಲಾದ ಅಕ್ಕನ ಹತ್ತಿರ. ಮಹಡಿ ಮೇಲಿರೋ ಚಿತ್ರಕಾರನ ಹತ್ತಿರ ಒಂದು."

ಗಲ್ಲಾದಲ್ಲಿ ಕೂರುವ ಅಕ್ಕ ಕಪಾಟು ಒರೆಸುತ್ತಿದ್ದಳು. "ನಾನು ಈಗಷ್ಟೇ ಬಂದೆ. ಕಟ್ಟು ಮುಟ್ಟೇ ಇಲ್ಲ," ಎಂದಳು, ಯಾರೂ ಕೇಳದಿದ್ದರೂ.

ದೊಡ್ಡಪ್ಪ ದನಿ ತಗ್ಗಿಸಿದರು. "ನಿನ್ನೆ ಚಿತ್ರಕಾರನಿಗೂ ನನಗೂ ಮಾತಿಗೆ ಮಾತು ಬೆಳೀತು. ಮುಖ ತೋರಿಸಬಾರದಿತ್ತು ಕಣಯ್ಯ, ಇನ್ನು ಓದೋರು ಯಾರು ಅಂದೆ. ಮುಖ ಊದಿಸಿಕೊಂಡು ಹೋದ. ನೀನೇ ಹೋಗಿ ವಿಚಾರಿಸು. ಮಧ್ಯಾಹ್ನದೊಳಗೆ ಗೊತ್ತಾಗದಿದ್ದರೆ ಪೊಲೀಸರಿಗೆ ಫೋನ್ ಮಾಡ್ತೀನಿ."

* * *

ಮಹಡಿಯ ಕೋಣೆಯಲ್ಲಿ ಶಾಯಿಯ ವಾಸನೆ. ಮೇಜಿನ ಮೇಲೆ ಬ್ಲೇಡು, ಪಕ್ಕದಲ್ಲಿ ಉಕ್ಕಿನ ಸ್ಕೇಲು. ಅವಳ ಕಣ್ಣು ಅಲ್ಲೇ ನಿಂತಿತು.

ಸುದ್ದಿ ಕೇಳಿದ ಚಿತ್ರಕಾರ ಕುರ್ಚಿಗೆ ಕುಸಿದ. "ನಾನೇ ಕತ್ತರಿಸ್ತೀನಾ? ಆ ಪುಟಕ್ಕೋಸ್ಕರವೇ ಅಲ್ವಾ ದೊಡ್ಡಪ್ಪನ ಜೊತೆ ಜಗಳ ಆಡಿದ್ದು."

ಅದು ನಿಜ. ಮುಖ ತೋರಿಸಲೇಬೇಕೆಂದು ಹಟ ಹಿಡಿದವನು ಅದನ್ನೇ ಏಕೆ ಕತ್ತರಿಸುತ್ತಾನೆ? ಹಾಗೆ ನೋಡಿದರೆ ದೊಡ್ಡಪ್ಪನ ಮೇಲೆ ಅನುಮಾನ ಪಡಬೇಕು. ಆದರೆ ತನ್ನ ಸರಕನ್ನು ತಾನೇ ಹಾಳು ಮಾಡಿಕೊಂಡು ಪೊಲೀಸರನ್ನು ಕರೆಯುವವರುಂಟೇ?

"ಮೂಲ ಚಿತ್ರ ತೋರಿಸಿ."

ಅವನು ಹಿಂದೆಮುಂದೆ ನೋಡಿ ಹಾಳೆ ಬಿಚ್ಚಿದ. ಕಾರ್ಮಿಂಚು ಮುಖವಾಡ ತೆಗೆದು ನೇರವಾಗಿ ನೋಡುತ್ತಿದ್ದಳು. ಎಡ ಹುಬ್ಬನ್ನು ಒಂದು ಹಳೆಯ ಗಾಯ ಎರಡಾಗಿ ಸೀಳಿತ್ತು.

ಅಂಕಣಗಾರ್ತಿ ಆ ಗಾಯದ ಗುರುತು ಹಿಡಿದಳು. "ಇವರಿಗೆ ಹೇಳಿದ್ದೀರಾ?"

"ಯಾರಿಗೆ? ಇದು ನನ್ನ ಕಲ್ಪನೆ." ಅವನ ಕಿವಿ ಕೆಂಪಾಯಿತು. ಹಾಳೆಯ ಅಂಚು ಸವರುತ್ತ, "ಅವರಿಗೆ ಖುಷಿಯಾಗುತ್ತೆ ಅಂದುಕೊಂಡೆ," ಎಂದ.

* * *

ದೊಡ್ಡಪ್ಪ ಮುಂದಿನ ಕೋಣೆಯಲ್ಲಿದ್ದರು. ಅಂಕಣಗಾರ್ತಿ ಗಲ್ಲಾದ ಅಕ್ಕನನ್ನು ಉಗ್ರಾಣಕ್ಕೆ ಕರೆದು ಬಾಗಿಲು ಮುಚ್ಚಿದಳು.

"ಕಟ್ಟು ಮುಟ್ಟಿಲ್ಲ ಅಂದಿರಿ. ಆದರೆ ಮೇಲಿನ ಕೆಲವು ಪುಸ್ತಕಗಳಿಗೆ ಬೆಲೆ ಚೀಟಿ ಅಂಟಿಸಿದೆ, ಕೆಳಗಿನವಕ್ಕೆ ಇಲ್ಲ. ಚೀಟಿ ಅಂಟಿಸೋ ಕೆಲಸ ನಿಮ್ಮದು. ಅಂಟಿಸ್ತಾ ಅಂಟಿಸ್ತಾ ಯಾವುದೋ ಒಂದರ ಕೊನೆಯ ಪುಟ ತೆರೆದಿರಿ. ಅಲ್ಲಿಗೆ ಕೈ ನಿಂತಿತು."

ಅಕ್ಕ ಒರೆಸುವ ಬಟ್ಟೆಯನ್ನು ಮಡಚತೊಡಗಿದಳು.

"ಎದುರು ಅಂಗಡಿಯವನಾಗಿದ್ದರೆ ಕಟ್ಟನ್ನೇ ಹೊತ್ತೊಯ್ಯುತ್ತಿದ್ದ. ಇಲ್ಲಿ ಒಂದು ಮುಖ ಮಾತ್ರ ಹೋಗಿದೆ. ಆ ಮುಖವನ್ನು ಈಗ ಮೇಲೆ ನೋಡಿಬಂದೆ."

ಅಕ್ಕನ ಬೆರಳು ತಾನಾಗಿಯೇ ಎಡ ಹುಬ್ಬಿಗೆ ಹೋಯಿತು.

"ಈ ಗಾಯ ನನ್ನ ಗಂಡ ಕೊಟ್ಟದ್ದು," ಎಂದಳು. "ಊರು ಬಿಟ್ಟು ಊರು ಬಂದೆ. ಹೆಸರೂ ಬದಲಾಯಿಸಿಕೊಂಡೆ. ಎರಡು ಸಲ ಹುಡುಕಿಕೊಂಡು ಬಂದ. ಈ ಪುಸ್ತಕ ಅವನಿರೋ ಊರಿಗೂ ಹೋಗುತ್ತೆ, ಚಿತ್ರಕಾರನ ವಿಳಾಸ ಸಮೇತ. ಬೆಳಗ್ಗೆ ಬೇಗ ಬಂದಿದ್ದೆ. ನೋಡಿದರೆ ನನ್ನದೇ ಮುಖ. ಕೈಗೆ ಬ್ಲೇಡು ಸಿಕ್ಕಿತು. ಹಾಳೆಗಳನ್ನೆಲ್ಲ ಹಿತ್ತಲಲ್ಲಿ ಸುಟ್ಟೆ."

"ದೊಡ್ಡಪ್ಪನಿಗೆ ಹೇಳಬಹುದಿತ್ತಲ್ಲ, ಅಕ್ಕ."

"ಯಾರಿಗೆ ಹೇಳಿದರೂ ಬಾಯಿಂದ ಬಾಯಿಗೆ ಹೋಗುತ್ತೆ. ನೀವಂತೂ ಪತ್ರಿಕೆಯವರು."

ಅಂಕಣಗಾರ್ತಿಗೆ ಅದು ನಾಟಿತು. ಮಹಡಿಯಿಂದ ಇಳಿಯುವಾಗಲೇ ಮನಸ್ಸಿನಲ್ಲಿ ಒಂದು ತಲೆಬರಹ ಹೊಳೆದಿತ್ತು. ಒಳ್ಳೆಯ ತಲೆಬರಹವೇ.

* * *

ಅಕ್ಕ ಒಪ್ಪಿದ ಮೇಲೆಯೇ ಇಬ್ಬರು ಗಂಡಸರಿಗೂ ವಿಷಯ ತಿಳಿಯಿತು. ದೊಡ್ಡಪ್ಪ ಕೈಯಲ್ಲಿದ್ದ ಫೋನನ್ನು ಜೇಬಿಗೆ ಹಾಕಿಕೊಂಡರು. "ಪ್ರೆಸ್ಸಿನಲ್ಲಿ ಹಾಳೆ ಕೆಟ್ಟಿತ್ತು ಅಂತ ಹೇಳಿದರಾಯಿತು," ಎಂದರು.

ಚಿತ್ರಕಾರ ತಲೆ ಎತ್ತಲಿಲ್ಲ. "ಕೇಳದೆ ಬರೆದದ್ದು ನನ್ನ ತಪ್ಪು. ಬೇರೆ ಮುಖ ಬರೀತೀನಿ," ಎಂದು ಮೂಲ ಹಾಳೆಯನ್ನು ಅಕ್ಕನ ಕೈಗೆ ಕೊಟ್ಟ. ಅವಳು ಅದನ್ನು ನೋಡುತ್ತ ನಿಂತಳು. ಹರಿಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ಅಂಕಣಗಾರ್ತಿ ಅಲ್ಲೇ ಕೂತು ಈ ವಾರದ ಅಂಕಣ ಬರೆದಳು. ಬೇರೆ ಮೂರು ಪುಸ್ತಕಗಳನ್ನು ಆರಿಸಿದಳು. ಕಾರ್ಮಿಂಚಿನ ಬಗ್ಗೆ ಒಂದೇ ಸಾಲು: ಮುದ್ರಣ ದೋಷದಿಂದ ತಡವಾಗಲಿದೆ. ಅವಳ ಬೆನ್ನ ಹಿಂದೆ ನಿಂತ ಅಕ್ಕ ಪ್ರತಿ ಪದವನ್ನೂ ಓದಿದಳು. ಕಳುಹಿಸುವ ಗುಂಡಿ ಒತ್ತುವವರೆಗೂ ಕದಲಲಿಲ್ಲ. ಆಮೇಲೆ ಹೋಗಿ ಅಂಗಡಿಯ ಶಟರ್ ಎತ್ತಿದಳು.