ಎಸಿ ರೂಮಿನ ಹಳೇ ಯಂತ್ರ

ಬೆಳಿಗ್ಗೆ ಎಂಟಕ್ಕೆ ಎಸಿ ರೂಮಿನ ಬೀಗ ತೆಗೆದ ಕಂಪ್ಯೂಟರ್ ವಿಭಾಗದ ಗುರುಶಾಂತ ಬಾಗಿಲಲ್ಲೇ ನಿಂತುಬಿಟ್ಟ. ಲ್ಯಾಬಿನ ಹಳೇ ಕಂಪ್ಯೂಟರ್ ಮಾಯ. ಬರೀ ವೈರು ನೇತಾಡುತ್ತಿತ್ತು.

ಅದು ೨೦೦೯, ಹುಮನಾಬಾದಿನ ಔಷಧ ಕಾರ್ಖಾನೆ. ಆ ಯಂತ್ರವನ್ನು ತೊಂಬತ್ತೆಂಟರಲ್ಲಿ ಹೈದರಾಬಾದಿನಿಂದ ಜೀಪಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವನು ಅವನೇ. ಆಗ ಎಸಿ ರೂಮಿಗೆ ಮಾಲೀಕರೂ ಚಪ್ಪಲಿ ಬಿಟ್ಟೇ ಬರುತ್ತಿದ್ದರು. ಎಂಥ ದಿನಗಳವು! ಹೋದ ತಿಂಗಳು ಹೊಸ ಸರ್ವರ್ ಬಂತು. ಐದು ಹಳೇ ಯಂತ್ರ ಗುಜರಿಗೆ ಹೋದವು. ಇದೊಂದನ್ನು ಕಳಿಸಲು ಗುರುಶಾಂತನಿಗೆ ಮನಸ್ಸಾಗಲಿಲ್ಲ. ದಿನಾ ಒರೆಸಿ ಚಾಲೂ ಇಡುತ್ತಿದ್ದ.

ಪಿಎಸ್‌ಐ ಮಡೆಪ್ಪ ಬಂದವರೇ ಮೂಗು ಮುರಿದರು. "ಗುಜರಿಯವ್ರ ಕೆಲಸ ಇರ್ಬೇಕು."

"ಮಗ್ಗಲದಾಗೇ ಲಕ್ಷಗಟ್ಟಲೆ ಬೆಲೆದು ಹೊಸ ಸರ್ವರ್ ಅದರಿ ಸಾಹೇಬ್ರ. ಅದನ್ಯಾಕ ಬಿಟ್ರು?" ಗುರುಶಾಂತ ಕೇಳಿದ.

ಪ್ರೊಡಕ್ಷನ್ ಮ್ಯಾನೇಜರ್ ಧನರಾಜ ಮುಂದೆ ಬಂದ. "ಇದು ಲ್ಯಾಬಿನ ಸುಗಂಧಾನ ಕೆಲಸರಿ. ಕೆಟ್ಟ ಗುಳಿಗಿ ಬ್ಯಾಚ್ ಪಾಸ್ ಮಾಡ್ಯಾಳ, ಕಂಪ್ಲೇಂಟ್ ಬಂದದ. ಇವತ್ತ ರಿಕಾರ್ಡ್ ನೋಡೋರಿದ್ವಿ. ಈಗ ಅದೇ ಹೋತಲ್ಲ!"

ಮಾಲೀಕ ಮಹಾರುದ್ರಪ್ಪನವರಿಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ. "ಹಂಗಾದ್ರ ಆಕಿ ನೌಕರಿ ಇವತ್ತಿಗೆ ಮುಗೀತು," ಎಂದರು.

ಮೊದಲು ಸುಗಂಧಾಳನ್ನೇ ಕೇಳೋಣವೆಂದು ಗುರುಶಾಂತ ಗೇಟಿನತ್ತ ನಡೆದ.

*

ಮನ್ನಾಏಖೇಳ್ಳಿ ಬಸ್ಸಿಳಿದು ಬಂದ ಸುಗಂಧಾಳನ್ನು ಗುರುಶಾಂತ ಗೇಟಿನಲ್ಲೇ ತಡೆದ. ಅವಳ ನೌಕರಿಯ ಮೇಲೆಯೇ ಮನೆ ನಡೆಯುತ್ತಿತ್ತು. ಸುದ್ದಿ ಕೇಳಿ ಕಣ್ಣು ತುಂಬಿಕೊಂಡಳು.

"ಅಣ್ಣಾ, ನಾ ಆ ಬ್ಯಾಚ್ ಫೇಲ್ ಅಂತೇ ಬರ್ದೀನಿ. ಮತ್ತ ಖಾಲಿ ಡಬ್ಬಿ ಕದ್ದು ನಾ ಏನ್ ಮಾಡ್ಲಿ? ಎಲ್ಲಾ ರಿಕಾರ್ಡ್ ಹೊಸದರಾಗ ಹಾಕಿದ ದಿನ ನೀವೇ ಪೇಡೆ ಹಂಚೀರಲ್ಲ!"

ಗುರುಶಾಂತ ಬೆರಳು ಮಡಚಿ ಎಣಿಸಿದ. ಅಂದು ಪೇಡೆ ಸಿಗದವನು ಒಬ್ಬನೇ ಇದ್ದ.

*

ಎಲ್ಲರನ್ನೂ ಎಸಿ ರೂಮಿಗೆ ಕರೆದು ಗುರುಶಾಂತ ಹೊಸ ಸರ್ವರಿನ ಪರದೆ ಹಚ್ಚಿದ. ಅದೇ ಹಳೇ ನೀಲಿ ಪರದೆ ಮೂಡಿತು. ಮೇಲೆ ಹನ್ನೊಂದು ವರ್ಷದ ಹಿಂದೆ ಅವನೇ ಬರೆದ 'ಶರಣು'.

"ಹಳೇ ಯಂತ್ರ ರಿಕಾರ್ಡ್ ಸಮೇತ ಇದರಾಗ ನಡ್ಯಾಕತ್ತದರಿ. ಒಂದೇ ವಾಡೆದಾಗ ಆರು ಸಂಸಾರ ಇದ್ದಂಗ, ಆರೂ ಯಂತ್ರ ಈ ಒಂದರಾಗ ಬ್ಯಾರೆ ಬ್ಯಾರೆ ಅವ."

ಬ್ಯಾಚಿನ ಮುಂದೆ: ಫೇಲ್, ಸುಗಂಧಾ. ಅದರ ಕೆಳಗೆ: ಕಳಿಸಲು ಅಪ್ಪಣೆ, ಧನರಾಜ.

"ಡಬ್ಬಿ ಖಾಲಿ ಅಂತ ಸುಗಂಧಾಗ ಗೊತ್ತಿತ್ತು. ಕದ್ದವ್ರಿಗೆ ಗೊತ್ತಿರ್ಲಿಲ್ಲ. ನಾ ಪೇಡೆ ಹಂಚಿದ ವಾರ ಬಸವಕಲ್ಯಾಣಕ್ಕ ಭಾಮೈದನ ಮದುವಿಗೆ ಹೋದವ್ರು ನೀವೊಬ್ರೇ, ಧನರಾಜ ಸಾಹೇಬ್ರ. ನಾ ಡಬ್ಬಿ ಚಾಲೂ ಇಟ್ಟದ್ದು ನೋಡಿ ಮೋಸ ಹೋದ್ರಿ. ಈ ರೂಮಿನ ಎರಡನೇ ಕೀಲಿನೂ ನಿಮ್ಮ ಹತ್ರಾನೇ ಅದ."

ಧನರಾಜನ ಮುಖ ಬಿಳಿಚಿತು. ಅವನ ಜೀಪಿನ ಹಿಂದೆ, ಗೋಣಿಚೀಲದ ಕೆಳಗೆ ಮಡೆಪ್ಪನವರಿಗೆ ಯಂತ್ರ ಸಿಕ್ಕಿತು.

ಮಹಾರುದ್ರಪ್ಪ ಕೈ ಮುಗಿದರು. "ತಂಗಿ, ಕೇಳದೇ ಮಾತಾಡಿದ್ನಿ. ತಪ್ಪಾತು."

ಸುಗಂಧಾ ಕಣ್ಣೊರೆಸಿಕೊಂಡಳು. "ಅದು ಇರ್ಲಿರಿ. ಆ ಬ್ಯಾಚಿನ ಉಳಿದ ಗುಳಿಗಿ ಮೊದ್ಲು ವಾಪಸ್ ತರಸ್ರಿ. ಯಾರರೆ ನುಂಗ್ಯಾರು."

ಮಾಲೀಕರು ನಿಂತಲ್ಲೇ ಫೋನ್ ಎತ್ತಿದರು.