ಕೊಬ್ಬರಿ ಮಂಡಿಯ ಗಾಜಿನ ಸಸಿಗಳು

“ತಲೆಯ ಹೂವು ತೆಗೆದಿಟ್ಟು ಒಳಗೆ ಬನ್ನಿ.”

ಗಿರಿಜಾಂಬಿಕಾ ಹೊಸಿಲಲ್ಲೇ ನಿಂತುಬಿಟ್ಟಳು. ಕೆಲಸದ ಮೊದಲ ದಿನ! ಅಮ್ಮ ಮುಡಿಸಿ ಕಳಿಸಿದ ಮಲ್ಲಿಗೆ! ಹೆಣ್ಣುಮಗಳ ಮುಡಿಯ ಹೂವು ತೆಗೆ ಅನ್ನುವ ಗಂಡಸನ್ನು ತುರುವೇಕೆರೆಯಲ್ಲಿ ಅವಳು ಇನ್ನೂ ಕಂಡಿರಲಿಲ್ಲ.

“ಯಾಕೆ? ನಮ್ಮೂರ ಹೂವಿಗೆ ಏನು ರೋಗ ಬಂದಿದೆ?”

ಬಿಳಿ ಕೋಟಿನ ಯೋಗಾನಂದ ತಬ್ಬಿಬ್ಬಾದ. “ರೋಗ ಅಲ್ಲ ಕಣ್ರೀ... ಸೀಸೆಯೊಳಗೆ ಸಸಿ ಬೆಳೆಸ್ತೀವಲ್ಲ, ಒಂದು ಸಣ್ಣ ಕಣ ಬಿದ್ರೂ ಬೂಷ್ಟು ಹಿಡಿಯುತ್ತೆ. ನಾನೂ ಇಲ್ಲೇ ಪಕ್ಕದ ಮಾಯಸಂದ್ರದೋನೇ. ನಮ್ಮಮ್ಮ ಬಂದ್ರೂ ಇದನ್ನೇ ಹೇಳ್ತೀನಿ.”

ಎದುರಿನ ಹೊಲಿಗೆ ಅಂಗಡಿಯಿಂದ ಖುರ್ಷಿದ್ ಬೇಗಂ ಕೂಗಿದಳು, “ಇತ್ಲಾಗೆ ಕೊಡು ಬೇಟಿ, ನಾನು ಮುಡ್ಕೋತೀನಿ! ನನ್ನ ಮಿಷನ್ನಿಗೆ ಬೂಷ್ಟು ಹಿಡಿಯಲ್ಲ!”

ಬೀದಿಗೆ ಬೀದಿಯೇ ನಕ್ಕಿತು. ಆ ಬೀದಿ ನಕ್ಕು ಬಹಳ ದಿನವಾಗಿತ್ತು.

ಕೊಬ್ಬರಿ ವ್ಯಾಪಾರವೆಲ್ಲ ತಿಪಟೂರಿನ ಕಡೆ ಸರಿದ ಮೇಲೆ ಪೇಟೆ ಬೀದಿಯ ಮಂಡಿಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಹೋಟೆಲಿನ ಒಲೆಯೂ ತಣ್ಣಗಾಗಿತ್ತು. ಎಂಬತ್ತೇಳರಲ್ಲಿ ಬೆಂಗಳೂರಿನ ಸಂಸ್ಥೆಯೊಂದು ಖಾಲಿ ಮಂಡಿಯನ್ನು ಹಿಡಿದು ಅಲ್ಲಿ ಪ್ರಯೋಗಶಾಲೆ ತೆರೆಯಿತು. ಬಾಳೆಯ ಒಂದು ಮೊಳಕೆಯನ್ನು ಸೀಳಿ ಸೀಸೆಯಲ್ಲಿಟ್ಟು ನೂರಾರು ಸಸಿ ಮಾಡುವ ವಿದ್ಯೆ! ಬಿ.ಎಸ್ಸಿ. ಓದಿ ಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಹುಡುಗಿಯರಿಗೆ ಕೆಲಸ ಸಿಕ್ಕಿತು. ಖುರ್ಷಿದ್ ಬೇಗಂಗೆ ಬಿಳಿ ಕೋಟುಗಳ ಹೊಲಿಗೆ ಬಂತು. ಹೋಟೆಲಿನ ಒಲೆ ಮತ್ತೆ ಹೊತ್ತಿತು.

ಗಿರಿಜಾಂಬಿಕಾಳ ಸಿಟ್ಟೂ ಕರಗಿತು. ಅವಳೂ ಯೋಗಾನಂದನೂ ಮುಖಕ್ಕೆ ಬಟ್ಟೆ ಕಟ್ಟಿ, ಅಕ್ಕಪಕ್ಕ ಕೂತು, ಮೊಳಕೆ ಸೀಳುವಾಗ ಕಾಣುತ್ತಿದ್ದದ್ದು ಕಣ್ಣು ಮಾತ್ರ. ಆ ಕಣ್ಣುಗಳು ಬೇಡವೆಂದರೂ ಮಾತಾಡತೊಡಗಿದ್ದವು... ‘ಇವನು ಒಂದಲ್ಲ ಒಂದು ದಿನ ಬೆಂಗಳೂರಿಗೆ ಹೊರಟುಹೋಗುವವನು, ಸುಮ್ಮನಿರೇ’ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮನಸ್ಸು ಕೇಳಬೇಕಲ್ಲ!

ಆಷಾಢದ ಥಂಡಿಗೆ ಕೆಲವು ಸೀಸೆಗಳಲ್ಲಿ ಬೂಷ್ಟು ಕಂಡಿತು. ಎಲ್ಲರ ಬಾಯಲ್ಲೂ ಅದೇ ಮಾತು. ಅದು ಕಾವಲಿನ ಹುಚ್ಚಣ್ಣನ ಕಿವಿಗೂ ಬಿತ್ತು. ಅದೇ ಮಂಡಿಯಲ್ಲಿ ಕೊಬ್ಬರಿ ಅಟ್ಟ ಕಾದು ಮುದುಕನಾದವನು ಅವನು. ಅಟ್ಟದ ಕಾಯಿಗೆ ಬೂಷ್ಟು ಬಂದರೆ ಕೆಳಗೆ ತೆಂಗಿನ ಸಿಪ್ಪೆಯ ಹೊಗೆ ಹಾಕುವುದು ಅವನಿಗೆ ಕೈಯ ರೂಢಿ. ರಜೆಯ ಭಾನುವಾರ, ಪಾಪ, ಪ್ರೀತಿಯಿಂದಲೇ, ಸೀಸೆಗಳ ಕೋಣೆಗೆ ಹೊಗೆ ಹಾಕಿದ.

ಸೋಮವಾರ ಬಾಗಿಲು ತೆರೆದರೆ ಗಾಳಿ ಸೋಸುವ ಯಂತ್ರವೆಲ್ಲ ಮಸಿ! ಎಳೆ ಸಸಿಗಳು ಜೋತುಬಿದ್ದಿದ್ದವು.

ಕೆಲವು ವಾರಗಳಲ್ಲಿ ಬೆಂಗಳೂರಿನ ದೊಡ್ಡ ಅಧಿಕಾರಿ ಜೀಪಿನಲ್ಲಿ ಬಂದಿಳಿದರು. ಹಿಂದೆಯೇ ಒಂದು ಲಾರಿ.

“ಇದು ಗೋಣಿಚೀಲದ ಊರು. ಇಂಥ ವಿಜ್ಞಾನ ಇಲ್ಲಿಗೆ ಹೇಳಿದ್ದಲ್ಲ. ಎತ್ತಿ ಸಾಮಾನು! ಹೊಗೆಯ ವಿಷಯ ಯೋಗಾನಂದರೇ ನನಗೆ ತಿಳಿಸಿದ್ದಾರೆ.”

ಗಿರಿಜಾಂಬಿಕಾ ಗಕ್ಕನೆ ಯೋಗಾನಂದನ ಕಡೆ ತಿರುಗಿದಳು. ಇವನಾ?!

“ಪಾಪದೋರ ಮೇಲೆ ಚಾಡಿ ಹೇಳಿದ್ರಾ? ನಮ್ಮ ಕಡೆಯೋರು ಅಂದ್ಕೊಂಡಿದ್ದೆ. ನೀವೂ ಆ ಜೀಪಿನೋರೇ!”

ಯೋಗಾನಂದ ಬಾಯಿ ತೆರೆಯುವಷ್ಟರಲ್ಲಿ ಅವಳು ಅಧಿಕಾರಿಯ ಕಡೆ ತಿರುಗಿದ್ದಳು. “ಬೆಂಗಳೂರಲ್ಲಿ ಸೀಸೆಗೆ ಬೂಷ್ಟೇ ಹಿಡಿಯಲ್ವಾ ಸಾರ್? ಅಲ್ಲಿ ಕೆಟ್ರೆ ರಿಪೇರಿ, ಇಲ್ಲಿ ಕೆಟ್ರೆ ಬೀಗ! ಇದ್ಯಾವ ನ್ಯಾಯ?”

“ಮಾತು ಜಾಸ್ತಿಯಾಯ್ತು ಕಣಮ್ಮ.”

“ಇನ್ನೂ ಶುರುವೇ ಮಾಡಿಲ್ಲ ಸಾರ್!”

ಅಧಿಕಾರಿಯ ಮುಖ ಕೆಂಪಾಯಿತು. “ನೋಡಿ ಯೋಗಾನಂದ್, ಕಡೇ ಸಲ ಕೇಳ್ತಿದ್ದೀನಿ. ಹೊಗೆ ಹಾಕಿದವನ ಹೆಸರು ಹೇಳಿ. ಇಲ್ಲದಿದ್ರೆ ಎಲ್ಲ ನಿಮ್ಮ ತಲೆಗೇ ಬರುತ್ತೆ.”

ಹಾಗಾದರೆ ಇವನು ಹೆಸರು ಹೇಳಿಲ್ಲವೇ?... ಗಿರಿಜಾಂಬಿಕಾ ಮತ್ತೆ ಯೋಗಾನಂದನ ಮುಖ ನೋಡಿದಳು.

“ನನ್ನ ತಲೆಗೇ ಬರ್ಲಿ ಸಾರ್. ಹೊಗೆ ಯಾಕೆ ಕೂಡದು ಅಂತ ಯಾರಿಗೂ ತಿಳಿಸಿ ಹೇಳದೆ ಇದ್ದೋನು ನಾನು. ಊರಿನ ತಪ್ಪಲ್ಲ ಇದು.”

ಹುಚ್ಚಣ್ಣ ಗೊಳೋ ಎಂದ. “ನಾನೇ ಸ್ವಾಮಿ! ಕೊಬ್ರಿಗೆ ಆಗೋದು ಸಸೀಗೂ ಆಯ್ತದೆ ಅನ್ಕಂಡೆ... ಊರಿನ ಹೊಟ್ಟೆ ಮೇಲೆ ಹೊಡೀಬ್ಯಾಡಿ!”

ಕೇಳುವವರು ಯಾರು? ಯಂತ್ರ ಲಾರಿ ಹತ್ತಿತು. ಒಂದೇ ಒಂದು ತಪ್ಪಿಗೆ ಒಂದು ಬೀದಿಯ ದೀಪವನ್ನೇ ಕಿತ್ತುಕೊಂಡು ಹೋಗುವವರಿಗೆ ಒಂದಿಷ್ಟಾದರೂ ನಾಚಿಕೆ ಬೇಡವೇ?

ಜೀಪಿನ ಬಾಗಿಲು ತೆರೆಯಿತು. “ಹತ್ತಿ, ಯೋಗಾನಂದ್.”

“ನಾನು ಬರಲ್ಲ ಸಾರ್.”

“ಕೆಲಸ ಹೋಗುತ್ತೆ!”

“ಹೋಗ್ಲಿ ಸಾರ್.”

ಜೀಪು ಧೂಳೆಬ್ಬಿಸಿಕೊಂಡು ಮರೆಯಾಯಿತು. ಖುರ್ಷಿದ್ ಬೇಗಂ ಅದರ ಹಿಂದೆಯೇ ಶಪಿಸುತ್ತ ಲಟಲಟನೆ ನೆಟಿಕೆ ಮುರಿದಳು.

ಬರಿದಾದ ಮಂಡಿಯಲ್ಲಿ ಇಬ್ಬರೇ ಉಳಿದರು. ಗಿರಿಜಾಂಬಿಕಾ ಕಣ್ಣೊರೆಸಿಕೊಂಡಳು. “ಅಷ್ಟೊಂದು ಬೈದೆ... ಯಾಕೆ ಸುಮ್ಮನಿದ್ರಿ?”

“ನೀವು ಬಿಟ್ಟರೆ ತಾನೇ!”

ಅಳುವಿನ ನಡುವೆ ನಗು ಬಂತು ಅವಳಿಗೆ. “ಯಂತ್ರವೇ ಹೋಯ್ತಲ್ಲ, ಮುಂದೇನು?”

“ಬೂಷ್ಟು ಹಿಡಿಯದ ಹಾಗೆ ಪ್ರೆಶರ್ ಕುಕ್ಕರಿನಲ್ಲಿ ಸೀಸೆ ಬೇಯಿಸೋಣ. ಧೂಳು ಬೀಳದ ಹಾಗೆ ಮೊಳಕೆ ಸೀಳೋಕೆ, ಫೋಟೋಗೆ ಕಟ್ಟು ಹಾಕೋ ಫಕ್ರುದ್ದೀನ್ ಗಾಜಿನ ಪೆಟ್ಟಿಗೆ ಮಾಡಿಕೊಡ್ತಾರೆ. ಈ ಬೀದೀಲಿ ಏನಿದೆಯೋ ಅದರಲ್ಲೇ. ನಿಧಾನ ಆಗುತ್ತೆ, ಆದ್ರೆ ಬಾಳೆ ಬರುತ್ತೆ.”

“ಕುಕ್ಕರ್ ನಮ್ಮನೇದು ತರ್ತೀನಿ. ಆದ್ರೆ ಅಮ್ಮನ್ನ ಕೇಳೋಕೆ ನಿಮ್ಮ ಮನೆಯೋರು ಬರಬೇಕು. ಬರೀ ಕುಕ್ಕರ್ ಕೇಳೋಕೆ ಬಂದ್ರೆ ಕೊಡಲ್ಲ...”

“ಮತ್ತೇನು ಕೇಳ್ಬೇಕು?”

“ಅದನ್ನೂ ನಾನೇ ಹೇಳ್ಬೇಕಾ?!”

ಯೋಗಾನಂದ ಒಂದು ಹೆಜ್ಜೆ ಹತ್ತಿರ ಬಂದ. ಮೊದಲ ಸಲ ಬಹುವಚನ ಬಿಟ್ಟ.

“ಬೇಡ, ನಾನೇ ಕೇಳ್ತೀನಿ. ಗಿರಿಜಾ... ನನ್ನ ಜೊತೆ ಇಲ್ಲೇ, ಈ ಊರಲ್ಲೇ ಇದ್ದುಬಿಡ್ತೀಯಾ?”

“ನಾನೆಲ್ಲಿಗೆ ಹೋಗ್ತೀನಿ? ನೀನೆಲ್ಲಿ ಹೋಗಿಬಿಡ್ತೀಯೋ ಅಂತ ಇಷ್ಟು ದಿನ ಹೆದರಿ ಸಾಯ್ತಿದ್ದೋಳು ನಾನು ಕಣೋ!”